ಒಗ್ಗರಣೆ, ಬೆಂಕಿ ಅಲ್ಲ

ಅಮೆರಿಕದ ನೇಪರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಕನ್ನಡ ಕೂಟದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರು. ಅದನ್ನು ತೆರೆದರೆ ಸಾಕು, ಆ್ಯಂಟಿವೈರಸ್ ಕೆಂಪಗಾಗಿ ಅರಚುತ್ತಿತ್ತು. ಅವರಿಗೆ ಫೋನ್ ಮಾಡಿದರೆ ಅಲ್ಲಿ ಹೊಗೆ ಕಂಡರೆ ಕೂಗುವ ಸ್ಮೋಕ್ ಅಲಾರಂ ಅರಚುವುದು ಕೇಳಿಸುತ್ತಿತ್ತು. ಹೆಂಡತಿ ಸಾರಿಗೆ ಸಾಸಿವೆ, ಮೆಣಸಿನಕಾಯಿ ಸಿಡಿಸುವಾಗಲೆಲ್ಲ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು ಅವರ ಪಾಲಿನ ಕೆಲಸ. ಬೀಸುತ್ತಲೇ ಹೇಳುತ್ತಿದ್ದರು: "ಎರಡು ಅಲಾರಂಗಳೂ ಒಂದೇ ಕಣ್ರೀ. ಒಗ್ಗರಣೆ, ಬೆಂಕಿ ಅಲ್ಲ. ಓಪನ್ ಮಾಡಿ." ಪ್ರತಿ ಸಲವೂ ಅವರ ಮಾತೇ ನಿಜವಾಗುತ್ತಿತ್ತು.

ರಿಸೆಷನ್‌ನಲ್ಲಿ ಕೆಲಸ ಹೋದವರ ರೆಸ್ಯೂಮೆಗಳನ್ನು ಅವರು ಆ ಸೈಟಿಗೆ ಹಾಕಿದರು, ನನ್ನದೂ ಇತ್ತು. ಹತ್ತಿರದ ಊರು ಇಟಾಸ್ಕಾದ ಕಂಪನಿಯೊಂದರ ಮ್ಯಾನೇಜರಿಗೆ ಲಿಂಕ್ ಕಳಿಸಿದೆ. ತನ್ನ ಕಂಪ್ಯೂಟರ್ ಅದನ್ನು ತೆರೆಯಬೇಡ ಅನ್ನುತ್ತಿದೆ ಎಂದು ಆತ ಫೋನ್ ಮಾಡಿದ. ಸುಳ್ಳು ಅಲಾರಂ, ಧೈರ್ಯವಾಗಿ ತೆರೆಯಿರಿ ಎಂದೆ. ತೆರೆದ. ಯಾರೋ ಸೈಟಿಗೆ ಕನ್ನ ಹಾಕಿದ್ದರು. ನನ್ನ ಹೆಸರಿನ ಕೆಳಗೆ ಅನುಭವದ ವಿವರ ಇರಬೇಕಾದಲ್ಲಿ ಗಂಡಸ್ತನ ಹೆಚ್ಚಿಸುವ ಮಾತ್ರೆಯ ಜಾಹೀರಾತಿತ್ತು.

ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಗೆ ಓಡಿದೆ. ಅಲಾರಂ ಅರಚುತ್ತಿತ್ತು, ಅವರು ಟವೆಲ್ ಬೀಸುತ್ತಿದ್ದರು. ಮಾತ್ರೆಯ ಜಾಹೀರಾತನ್ನು ಪೂರ್ತಿ ಓದಿದರು. ಬೀಸುವ ಕೈ ನಿಂತಿತು.

"ಏನೇ," ಎಂದು ಅಡುಗೆಮನೆಯತ್ತ ತಿರುಗಿ ಮೆಲ್ಲಗೆ ಕೇಳಿದರು, "ಅದು ಒಗ್ಗರಣೆನೇ ತಾನೆ?"