ಮಕ್ಬೂಲನ ಗಾಣಕ್ಕೆ ಸುರಿದ ನೀರು

ಹಾವಗೆಪ್ಪ ಮಿಸ್ತ್ರಿಯನ್ನು ಸಿಡುಕ ಅನ್ನುತ್ತಿದ್ದವರು ಮಲ್ಲಿಕಾರ್ಜುನಪ್ಪನವರ ಕಂಪನಿಯಲ್ಲಿ ಒಂದು ದಿನವೂ ದುಡಿದವರಲ್ಲ. ದುಡಿದಿದ್ದರೆ, ಅವನ ತಲೆಯ ಮೇಲೆ ಇನ್ನೂ ಕೂದಲು ಉಳಿದದ್ದೇ ದೊಡ್ಡದು ಅನ್ನುತ್ತಿದ್ದರು.

ಬೀದರಿನ ಸಣ್ಣ ಗುತ್ತಿಗೆ ಕಂಪನಿ ಅದು. ಒಂದೂರಿಗೆ ಸಾಲೆ, ಇನ್ನೊಂದೂರಿಗೆ ಬಾವಿ, ಹೀಗೆ ಸರಕಾರ ಕೊಟ್ಟ ಕೆಲಸ. ಗುತ್ತೇದಾರ ಮಲ್ಲಿಕಾರ್ಜುನಪ್ಪ ಹಣೆ ತುಂಬ ವಿಭೂತಿಯ, ಮೆತ್ತನೆ ಮಾತಿನ ಮನುಷ್ಯ. ಅವರ ಕಂಪನಿಗೊಂದು ರೂಢಿ: ಪಕ್ಕದವನ ಕೈ ಸೋತರೆ ಕೇಳದೆ ಕೈ ಹಚ್ಚಬೇಕು, ಹಚ್ಚಿದ್ದನ್ನು ಯಾರಿಗೂ ಹೇಳಬಾರದು.

"ಹೇಳಿದ್ರ ಉಪಕಾರ ಆಗ್ತದ. ನಮಗ ಉಪಕಾರ ಬ್ಯಾಡ, ಕೆಲಸ ಬೇಕು," ಅನ್ನುತ್ತಿದ್ದರು.

ಕೇಳಲು ಚೆಂದ. ಆದರೆ ಯಾವ ಕಲ್ಲನ್ನು ಯಾರು ಕೂಡಿಸಿದರೆಂದು ಮಿಸ್ತ್ರಿಗೆ ತಿಳಿಯಬೇಡವೇ? ಹಾವಗೆಪ್ಪ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ಎರಡನೆಯ ಬೇಸಿಗೆ. ಔರಾದ ರಸ್ತೆಯ ಹಳ್ಳಕ್ಕೆ ಸೇತುವೆ ಕಟ್ಟುವ ಕೆಲಸ ಬಂತು. ಸುಣ್ಣ, ಮರಳು, ನೀರು ಹಾಕಿ ಎತ್ತಿನ ಗಾಣದಲ್ಲಿ ಗಚ್ಚು ಅರೆಯುವವನು ಚಿಂತಾಕಿಯ ಮಕ್ಬೂಲ. ಆ ಗದ್ದಲದಲ್ಲಿ ಊರು ಬಿಟ್ಟಿದ್ದವನು ತಿರುಗಿ ಬಂದಾಗ ಅವನ ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಏನಾಯಿತೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. "ಗಾಣ ನಿಂದೇ ಅದ, ನಡಿ," ಅಂದರು ಮಲ್ಲಿಕಾರ್ಜುನಪ್ಪ. ಬೇರೆ ಯಾವ ಗುತ್ತೇದಾರನೂ ಅವನನ್ನು ಅಂಗಳಕ್ಕೆ ಬಿಟ್ಟಿರಲಿಲ್ಲ.

ಹಾವಗೆಪ್ಪ ಕಲ್ಲು ತರಿಸಲು ಭಾಲ್ಕಿಗೆ ಹೋಗಿ ಕೆಲವು ದಿನ ಅಲ್ಲೇ ನಿಂತ. ಅವನು ಮರಳಿದ ದಿನವೇ ಸರಕಾರದ ಓವರ್ಸಿಯರ್ ಬಂದು ಹೊಸ ಗೋಡೆಯ ಸಂದಿಗೆ ಕೋಲು ಚುಚ್ಚಿದರು. ನೀರು ಹೆಚ್ಚಾಗಿದ್ದ ಗಚ್ಚು ಹಿಟ್ಟಿನಂತೆ ಉದುರಿತು.

"ಇದನ್ನ ಅರದವ ಯಾರು?" ಅಂದವರು ಮಕ್ಬೂಲನ ಕೈ ನೋಡಿದರು. "ಈ ಕೈಲೇ ಏನು ಅರೀತಾನ? ಸಂಜಿಗಿ ಇಂವ ಇಲ್ಲಿರಬಾರ್ದು. ಇದ್ರ ಗುತ್ತಿಗಿ ರದ್ದು." ಹಾಗೆಂದು ಬೇವಿನ ನೆರಳಿಗೆ ಹೋಗಿ ಕೂತರು.

ಹಾವಗೆಪ್ಪ ಗಾಣದ ಕಡೆ ಧಾವಿಸಿದ. "ಅಪ್ಪನ ಕಾಲದಿಂದ ಗಚ್ಚು ಅರದವ, ನೀರಿನ ಅಂದಾಜು ತಪ್ಪತೇನಲೇ?"

ಮಕ್ಬೂಲ ತಲೆ ತಗ್ಗಿಸಿದ. "ನಾ ಗಟ್ಟಿನೇ ಕಲಸ್ತೇನಿ ಮಿಸ್ತ್ರಿ. ಎತ್ತಿಗಿ ನೀರು ಕುಡಿಸಿ ಬರೋದ್ರಾಗ ತೆಳ್ಳಗ ಆಗಿರ್ತದ. ಸುಣ್ಣ ಹಾಕ್ತೇನಿ, ಮತ್ತ ತೆಳ್ಳಗ. ಕೈ ಸಂಗಟ ಕಣ್ಣೂ ಹೋತು ಅನ್ಕೊಂಡು ಸುಮ್ಮನಿದ್ದೆ. ಹೇಳಿದ್ರ ನೀವೂ ಕಳಿಸ್ತೀರಿ. ಆಮ್ಯಾಲ ಎಲ್ಲಿಗಿ ಹೋಗ್ಲಿ?"

ಹಾವಗೆಪ್ಪ ಸುತ್ತ ನೋಡಿದ. ನೀರು ಹೊರುವ ಸುಭದ್ರಾಬಾಯಿ ತನ್ನ ಕೊಡವನ್ನು ಹಿಂದೆ ಸರಿಸಿದಳು. ಬಂಡಿಯ ಕಾಶೀರಾಮ ಎತ್ತಿನ ಕೊಂಬು ಒರೆಸತೊಡಗಿದ. ಆ ಕೊಂಬನ್ನು ಅವನು ಹಿಂದೆಂದೂ ಒರೆಸಿದವನಲ್ಲ.

"ಯಾರಲೇ ನೀರು ಹಾಕಿದವ್ರು?"

ಎಲ್ಲರೂ ಆಕಾಶ ನೋಡಿದರು.

"ಇವತ್ತ ಆಕಾಶ ನೋಡಿದ್ರ ಇಂವ ಹೋಗ್ತಾನ! ಬಾಯಿ ಬಿಡ್ರಿ!"

ಸುಭದ್ರಾಬಾಯಿ ಸೆರಗಿನ ಚುಂಗು ಹಿಂಡಿದಳು. "ಅಣ್ಣಾ, ಅವನ ಕೈ ಏಳವಲ್ದು. ನೋಡ್ಲಾಕ ಆಗ್ಲಿಲ್ಲ. ಹಾದು ಹೋಗೋವಾಗ ಒಂದು ಕೊಡ..."

"ನೀನೂ ಹಾಕ್ತಿದ್ದೇನ?" ಕಾಶೀರಾಮ ಬೆಚ್ಚಿದ. "ನಾ ಒಬ್ಬನೇ ಅನ್ಕೊಂಡಿದ್ದೆ!"

ಕಲ್ಲು ಕೂಡಿಸುವವರೂ ಹಾಕಿದ್ದರು. ಗಚ್ಚು ತೆಳ್ಳಗಿದೆಯೆಂದು ಅವರಿಗೆ ಗೊತ್ತಿತ್ತು. ಮಕ್ಬೂಲನಿಗೆ ನೋವಾದೀತೆಂದು ಬಾಯಿ ಬಿಟ್ಟಿರಲಿಲ್ಲ.

ಹಿಂದಿನಿಂದ ಮಲ್ಲಿಕಾರ್ಜುನಪ್ಪ ಕೆಮ್ಮಿದರು. "ಹಾವಗೆಪ್ಪಾ... ಮುಂಜಾನಿ ಬಂದಾಗ ನಾನೂ..."

ಹಾವಗೆಪ್ಪ ರುಮಾಲು ಬಿಚ್ಚಿ ನೆಲಕ್ಕೆ ಬಡಿದ. "ಸಾವ್ಕಾರ್ರೇ, ನೀವೂ? ಅಂವಗ ಕೈ ಹಚ್ಚಿ ಹಚ್ಚಿ ಅವನ ಅನ್ನಕ್ಕೇ ಕೈ ಹಚ್ಚಿದ್ರಲ್ರಿ! ಹೋಗ್ರಿ, ಆ ಸಾಹೇಬ್ರ ಮುಂದ ಹೇಳ್ರಿ."

"ಹೇಳಬಾರ್ದಂತ ನೀವೇ ಹೇಳೀರಲ್ರಿ," ಅಂದ ಕಾಶೀರಾಮ, ಸಾವ್ಕಾರರ ಮುಖ ನೋಡುತ್ತ.

ಮಲ್ಲಿಕಾರ್ಜುನಪ್ಪ ಹಣೆ ಒರೆಸಿಕೊಂಡರು. ವಿಭೂತಿ ಅಳಿಸಿತು. ತಮ್ಮ ರೂಢಿಯನ್ನು ತಾವೇ ಮುರಿಯಲು ಮುಂದೆ ನಡೆದರು. ಹಿಂದೆ ಇಡೀ ಕಂಪನಿ. ಓವರ್ಸಿಯರ್ ಮುಂದೆ ಒಬ್ಬೊಬ್ಬರೂ ತಮ್ಮ ಕೊಡದ ಲೆಕ್ಕ ಒಪ್ಪಿಸಿದರು.

"ತೆಗಿಯೋದಾದ್ರ ಮೊದಲು ನನ್ನ ತೆಗೀರಿ," ಅಂದರು ಮಲ್ಲಿಕಾರ್ಜುನಪ್ಪ.

ಓವರ್ಸಿಯರ್ ಹಾವಗೆಪ್ಪನ ಕಡೆ ತಿರುಗಿದರು. "ಇಂಥವರ ಸಂಗಟ ನೀವು ಹ್ಯಾಂಗ ದುಡೀತೀರಿ?"

"ಅದೇ ತಿಳೀವಲ್ದು ಸಾಹೇಬ್ರ."

ಗೋಡೆಯನ್ನು ಬಿಚ್ಚಿ ಮಳೆಗಿಂತ ಮೊದಲು ಮತ್ತೆ ಕಟ್ಟಬೇಕೆಂದಾಯಿತು. ಮಕ್ಬೂಲ ಉಳಿದ. ಹಾವಗೆಪ್ಪ ಗಾಣದ ಸುತ್ತ ಸುಣ್ಣದ ಗೆರೆ ಎಳೆದು, ದಾಟಿದವರ ಕಾಲು ಮುರಿಯುತ್ತೇನೆಂದು ಕೂಗಿದ.

ಮರುದಿನ ಮಕ್ಬೂಲ ಎಡಗೈಯಲ್ಲಿ ತುಂಬಿದ ಕೊಡವನ್ನು ಎಳೆಯುತ್ತಿದ್ದ. ನೀರು ತುಳುಕಿ ಅವನ ಕಾಲು ತೋಯುತ್ತಿತ್ತು. ಹಾವಗೆಪ್ಪ ಆ ಕಡೆ ನೋಡಲಿಲ್ಲ. ಆಮೇಲೆ ನೋಡಿದ. ಆಮೇಲೆ ಬೈಯುತ್ತಲೇ ತಾನೆಳೆದ ಗೆರೆಯನ್ನು ತುಳಿದು ದಾಟಿ ಕೊಡದ ಕಂಠ ಹಿಡಿದ.

"ಮಿಸ್ತ್ರಿ, ನೀವೂ ಸುರು ಮಾಡಿದ್ರೇನು?"

"ಬಾಯಿ ಮುಚ್ಚು. ಎತ್ತೋದಷ್ಟೇ ನಂದು. ಎಷ್ಟು ಸಾಕು, ನೀ ಹೇಳು."

ಮಕ್ಬೂಲ ಗಾಣದೊಳಗೆ ಬಗ್ಗಿ, ಗಚ್ಚನ್ನು ಬೆರಳಲ್ಲಿ ಹಿಸುಕಿ ನೋಡಿದ.

"ಇನ್ನೊಂದೀಟು," ಅಂದ. "ಹ್ಞಾಂ. ಸಾಕ್ರಿ."