ಮುಷ್ಟಿ ಮತ್ತು ಚೀಲ

ನಾವು ಶಿಗ್ಗಾಂವದಲ್ಲಿದ್ದಾಗ ಪಕ್ಕದ ಮನೆಯ ಕಾಳಿನ ವ್ಯಾಪಾರಿ ಕಾಕಾ ಮಾತಿಗೊಮ್ಮೆ ಬಲಗೈ ಮುಷ್ಟಿ ಬಿಗಿದು ಬಿಚ್ಚುತ್ತಿದ್ದರು. ‘ಮುಷ್ಟಿ ಜ್ವಾಳ ನೋಡಿದ್ರ ಇಡೀ ಚೀಲ ತಿಳೀತೈತಿ.’

ದಿನವೂ ಬೆಳಿಗ್ಗೆ ಓಡುತ್ತಿದ್ದರು. ಮ್ಯಾರಥಾನ್ ಗೆಲ್ಲುವವರಿಗೂ ತಮಗೂ ಹೆಚ್ಚು ಫರಕಿಲ್ಲವೆಂದು ಒಮ್ಮೆ ಚಹಾದಂಗಡಿಯಲ್ಲಿ ಹೇಳಿಬಿಟ್ಟರು. ಗೆಳೆಯರು ಷರತ್ತು ಹಾಕಿದರು: ‘ಓಡಿ ತೋರಸ್ರಿ. ಸೋತ್ರ ಇಲ್ಲಿ ಓಟದ ಸುದ್ದಿ ತಗೀಬಾರ್ದು.’

ಮ್ಯಾರಥಾನ್ ಗೆಲ್ಲುವವರು ಎರಡು ತಾಸಿನವರೆಗೂ ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್ ವೇಗದಲ್ಲೇ ಓಡುತ್ತಾರೆ ಎಂದು ನಾನು ಹೇಳಿದ್ದೆ. ಹಾಗಾಗಿ ಕಾಕಾರ ಜೊತೆ ಅದೇ ವೇಗದಲ್ಲಿ ಸ್ಕೂಟಿ ನಡೆಸುವ ಕೆಲಸವೂ ನನಗೇ ಬಂತು. ವೇಗದ ಮುಳ್ಳನ್ನು ಇಪ್ಪತ್ತಕ್ಕೆ ನಿಲ್ಲಿಸಿ ಬಂಕಾಪುರದ ಕಡೆ ಹೊರಟೆ. ಕಾಕಾ ನಗುತ್ತ ನನಗಿಂತ ಮುಂದೆಯೇ ಓಡಿದರು. ಪೆಟ್ರೋಲ್ ಬಂಕ್ ಕಾಣುವಷ್ಟರಲ್ಲಿ ನಗು ನಿಂತಿತು. ಬಂಕಿನೆದುರು ಕಾಕಾ ಕೂಡ ನಿಂತರು.

‘ಗಾಡಿ ನಿಂದ್ರಸವಾ.’

ಹಿಂದಿನ ಸೀಟಿನಲ್ಲಿ ಕುಳಿತು, ಚಹಾದಂಗಡಿಗೆ ಮರಳುವವರೆಗೂ ಏದುಸಿರು ಬಿಡುತ್ತಿದ್ದರು. ಗೆಳೆಯರು ಕಾದೇ ಇದ್ದರು.

‘ಏನ್ರಿ ಸಾವ್ಕಾರ್ರ, ಇವತ್ತಿಂದ ಓಟದ ಮಾತು ಬಂದ್ ಹೌದಿಲ್ರಿ?’

ಕಾಕಾ ನಿಧಾನಕ್ಕೆ ಇಳಿದು ಮುಷ್ಟಿ ಬಿಚ್ಚಿ ತೋರಿಸಿದರು.

‘ಯಾಕ್ರಿ ಬಂದ್? ಆ ಮ್ಯಾರಥಾನ್ ಮಂದೀದೂ ನಂದೂ ಮುಷ್ಟಿ ಒಂದ ಐತಿ. ಅವರ ಚೀಲ ಸ್ವಲ್ಪ ದೊಡ್ಡದು, ಅಷ್ಟ.’