ನಮ್ಮ ಹಜಾರದ ಬಿಳಿ ಗೋಡೆ

ನಮ್ಮ ಮನೆಯ ಟೀವಿಯನ್ನು ನಾನು ಬಹಳ ಕಾಲ ಅನುಮಾನದಿಂದಲೇ ನೋಡುತ್ತಿದ್ದೆ. ಚಿತ್ರ ಮಬ್ಬು. ವಾರ್ತೆ ಓದುವ ಹೆಣ್ಣುಮಗಳ ಮುಖ ಬರಬರುತ್ತ ಮಜ್ಜಿಗೆಯಲ್ಲಿ ಅದ್ದಿ ತೆಗೆದಂತೆ ಕಾಣತೊಡಗಿತು. ಮೊದಲು ಕೇಬಲ್ಲಿನವನನ್ನು ಬೈದೆ. ಅವನು ಬಂದು ನೋಡಿ, ಸರಿಯಾಗೇ ಇದೆಯಲ್ಲ ಅಂದ. ಅಷ್ಟಕ್ಕೇ ಅವನ ಮೇಲೆ ನಂಬಿಕೆ ಹೋಗಿ, ಮಾಳಿಗೆಯ ಮೇಲೆ ಡಿಶ್ ಹಾಕಿಸಿದೆ. ಆಮೇಲೆ ಕೊಡಗಿನ ಮೋಡವನ್ನು ಬೈದೆ. ನಮ್ಮೂರು ಬೆಟ್ಟದಪುರಕ್ಕೆ ಬರುವ ಮೋಡವೆಲ್ಲ ಆ ಕಡೆಯಿಂದಲೇ ಬರುವುದರಿಂದ ಅದೇನೂ ಅನ್ಯಾಯವಾಗಿರಲಿಲ್ಲ. ಬೇಸಿಗೆ ಬಂತು, ಮೋಡ ಹೋಯಿತು, ಮಬ್ಬು ಉಳಿಯಿತು.

ನಾನು ಬಿ.ಎ. ಓದಿ ಹೊಗೆಸೊಪ್ಪು ಬೆಳೆದವನು. ಓದಿದ್ದು ಬೆಳೆಗೆ ಉಪಯೋಗಕ್ಕೆ ಬರಲಿಲ್ಲ, ಬೆಳೆದದ್ದು ಓದಿಗೆ ಬರಲಿಲ್ಲ. ಆದರೆ ಎರಡೂ ಸೇರಿ, ಯಾವ ವಿಷಯದಲ್ಲಿ ಬೇಕಾದರೂ ಅಭಿಪ್ರಾಯ ಹೇಳುವ ಹಕ್ಕನ್ನು ಊರಿನಲ್ಲಿ ನನಗೆ ತಂದುಕೊಟ್ಟಿವೆ. ಹೀಗಾಗಿ ಹುಣಸೂರಿನ ಬೀಗರ ಮನೆಯಲ್ಲಿ ಗೋಡೆ ತುಂಬ ಸಿನಿಮಾ ಬಿಡುವ ಪ್ರೊಜೆಕ್ಟರ್ ಕಂಡ ದಿನ, ಮನೆಗೆ ಬಂದು ಹೆಂಡತಿ ರತ್ನನಿಗೆ ನನ್ನ ಅಭಿಪ್ರಾಯ ತಿಳಿಸಿದೆ. ನಮ್ಮ ಟೀವಿಯ ಕಾಯಿಲೆ ಮಬ್ಬಲ್ಲ, ಸಣ್ಣದಾಗಿರುವುದು. ಚಿತ್ರ ದೊಡ್ಡದಾದರೆ ಎಲ್ಲ ಸರಿಹೋಗುತ್ತದೆ. ರತ್ನ ಅವರೆಕಾಯಿ ಸುಲಿಯುತ್ತಿದ್ದಳು. "ನಂಗೇನೋ ಚೆಂದಾಗೇ ಕಾಣ್ತದೆ" ಅಂದಳು. ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಪ್ರೊಜೆಕ್ಟರಿನ ಜೊತೆಗೆ ಮೈಸೂರಿನಿಂದ ಸುರುಳಿ ಸುತ್ತಿದ ಪರದೆಯನ್ನೂ ತಂದೆ. ಬಿಚ್ಚಿದರೆ ಹಳದಿ. ಹಳೇ ಸ್ಟಾಕ್ ಕೊಟ್ಟು ಮೋಸ ಮಾಡಿದ್ದಾನೆಂದು ಬಸ್ಸು ಹತ್ತಿ ಹೋಗಿ ಅಂಗಡಿಯವನ ಮುಂದೆ ಹರವಿದೆ. ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. ಒಂದು ಮಾತೂ ಆಡದೆ ವಾಪಸ್ ತೆಗೆದುಕೊಂಡ. ತಪ್ಪು ಸಿಕ್ಕಿಬಿದ್ದರೆ ವ್ಯಾಪಾರಿಗಳು ಹೀಗೇ ಮೌನವಾಗುತ್ತಾರೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದೆ.

ಪರದೆ ಬೇಡ, ಹಜಾರದ ಗೋಡೆಗೇ ಒಳ್ಳೆಯ ಬಿಳಿ ಬಣ್ಣ ಬಳಿದರೆ ಸಾಕು ಅಂದದ್ದು ಪಿರಿಯಾಪಟ್ಟಣದ ಎಲೆಕ್ಟ್ರಿಷಿಯನ್ ಮಂಜು. ಬಿಳಿ ಅನ್ನುವುದು ಹೇಳಿದಷ್ಟು ಸುಲಭದ ಬಣ್ಣವಲ್ಲ. ನಮ್ಮ ಹಳೆಯ ಕವಿಗಳು ಕೀರ್ತಿಯನ್ನು ಬಿಳಿ ಅಂದರು, ನಗೆಯನ್ನು ಬಿಳಿ ಅಂದರು, ರಾಜನ ಕೀರ್ತಿಯಿಂದ ಮೂರು ಲೋಕಕ್ಕೂ ಸುಣ್ಣ ಬಳಿದರು. ಆದರೆ ಆ ಕೀರ್ತಿ ಕೆನೆಬಿಳಿಯೋ ಮಲ್ಲಿಗೆಬಿಳಿಯೋ ಎಂದು ಒಬ್ಬರೂ ಬರೆದಿಡಲಿಲ್ಲ. ಅವರು ಪೇಂಟ್ ಅಂಗಡಿಗೆ ಹೋದವರಲ್ಲ. ನಾನು ಹೋದೆ. ಅಂಗಡಿಯವನು ಬಿಳಿಯದೆಂದು ಮುಂದಿಟ್ಟ ಬಣ್ಣದ ಮಾದರಿ ಚೀಟಿಗಳೆಲ್ಲ ಹಳದಿಗೆ ತಿರುಗಿದ್ದವು. ಕೊನೆಗೆ ನಾನೇ ಕೈಹಾಕಿ ಹುಡುಕಿ ಒಂದನ್ನು ಎತ್ತಿದೆ. ನಿಜವಾದ ಬಿಳಿ ಅಂದರೆ ಅದು.

"ಇದಾ ಸಾರ್?" ಅಂದ ಅಂಗಡಿಯವನು.

"ಇದೇ."

"ಹಜಾರಕ್ಕಾ?"

"ಸಿನಿಮಾ ನೋಡಕ್ಕೆ."

ಅವನು ತಲೆಯಾಡಿಸಿ ಬಣ್ಣ ಬೆರೆಸಿಕೊಟ್ಟ. ರತ್ನ ಆಗ ತಂಗಿಯ ಗೃಹಪ್ರವೇಶಕ್ಕೆಂದು ಕೆ.ಆರ್. ನಗರಕ್ಕೆ ಹೋಗಿದ್ದಳು. ವಾಪಸ್ ಬಂದವಳು ಚೀಲ ಹಿಡಿದುಕೊಂಡೇ ಹಜಾರದ ನಡುವೆ ನಿಂತುಬಿಟ್ಟಳು.

"ಇದೇನ್ರೀ, ಒಳ್ಳೆ ಅಂಗನವಾಡಿ ಮಾಡಿ ಮಡಗಿದ್ದೀರಿ?"

"ಬಿಳಿ ಅಂದ್ರೆ ಅಂಗೇ ಕಣೇ. ಕ್ಲೀನಾಗಿ ಕಾಣ್ತದೆ."

"ಬಿಳೀನಾ? ನೀಲಿ ಕಣ್ರೀ ಇದು."

ನನಗೆ ನಿಜವಾಗಿಯೂ ಕನಿಕರವಾಯಿತು. "ರತ್ನ, ಒಂದ್ಸಲ ನಿನ್ನ ಕಣ್ಣು ತೋರಿಸ್ಬೇಕು" ಅಂದೆ.

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ" ಎಂದು ಗೊಣಗಿಕೊಂಡು ಅವಳು ಒಳಗೆ ಹೋದಳು. ಗಾದೆ ಅಲ್ಲಿಗೆ ಹೊಂದುವುದಿಲ್ಲ ಅನ್ನಿಸಿತು. ಹೇಳಲಿಲ್ಲ. ದಣಿದು ಬಂದಿದ್ದಳು.

ಆ ವರ್ಷ ನನ್ನ ಹೊಗೆಸೊಪ್ಪು ಒಣಗಿಸುವ ಗೂಡಿನಲ್ಲಿ ಬಂಗಾರದ ಬಣ್ಣಕ್ಕೆ ಬೆಂದಿತ್ತು. ಎಲೆ ಎತ್ತಿ ನೋಡಿದಾಗಲೆಲ್ಲ ಎದೆ ತುಂಬುತ್ತಿತ್ತು. ಹರಾಜಿಗೆ ಒಯ್ದರೆ ಅದನ್ನು ಎರಡನೇ ದರ್ಜೆಗೆ ಇಳಿಸಿದರು. ಬಣ್ಣ ತಿಳಿಯದವರು ಸೊಪ್ಪು ಕೊಳ್ಳಲು ಬರುತ್ತಾರೆ ಎಂದು ಅಲ್ಲಿಯೇ ಗಟ್ಟಿಯಾಗಿ ಹೇಳಿದೆ. ಇಷ್ಟಾದರೂ ಪರದೆ, ಪೇಂಟು, ಸೊಪ್ಪು, ಟೀವಿ ಇವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ಲೋಕದಲ್ಲಿ ಇಷ್ಟೊಂದು ಜನ ಒಟ್ಟಿಗೆ ತಪ್ಪು ಮಾಡುತ್ತಿದ್ದಾರಲ್ಲ ಎಂಬುದಷ್ಟೇ ಹೊಳೆಯಿತು.

ಸಿನಿಮಾಕ್ಕೆ ಕತ್ತಲೆ ಬೇಕು. ಕಿಟಕಿಗೆ ಕಪ್ಪು ಬಟ್ಟೆ ತರಲು ರತ್ನನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಅಷ್ಟೊಂದು ಕಪ್ಪು ಬಟ್ಟೆ ಅಳೆದುಕೊಡುತ್ತ ಅಂಗಡಿಯವನು, "ಪ್ರತಿಭಟನೆ ಯಾವತ್ತು ಸಾರ್?" ಅಂತ ಕೇಳಿದ. ವಾಪಸ್ ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಎದುರಿನಿಂದ ಬಂದ ಲಾರಿಯ ದೀಪ ನನ್ನ ಕಣ್ಣಲ್ಲಿ ಸೇವಂತಿಗೆಯಂತೆ ಅರಳಿ ರಸ್ತೆಯನ್ನೆಲ್ಲ ಮುಚ್ಚಿಬಿಟ್ಟಿತು. ಹಾಗೇ ಬಿಟ್ಟುಕೊಂಡು ಹೋದೆ.

"ರೀ, ಟ್ರ್ಯಾಕ್ಟ್ರು!" ಎಂದು ರತ್ನ ನನ್ನ ಬೆನ್ನಿಗೆ ಗುದ್ದಿದಳು.

ಶುಂಠಿ ಮೂಟೆ ಹೇರಿದ್ದ ಟ್ರ್ಯಾಕ್ಟರೊಂದು ರಸ್ತೆ ಅಂಚಿನಲ್ಲಿ ನಿಂತಿತ್ತು. ಹ್ಯಾಂಡಲ್ ಎಳೆದೆ. ಸ್ಕೂಟರು ರಸ್ತೆ ಬಿಟ್ಟು ಇಳಿದು ಒಂದು ರಾಗಿ ಹೊಲದ ಬದುವಿನಲ್ಲಿ ಮಗುಚಿಕೊಂಡಿತು. ನನಗೇನೂ ಆಗಲಿಲ್ಲ. ರತ್ನನ ಬಲ ಅಂಗೈ ಕಲ್ಲಿಗೆ ಉಜ್ಜಿ ಚರ್ಮ ಕಿತ್ತಿತ್ತು. ಅವಳು ಎದ್ದು, ಸೀರೆಯ ಮಣ್ಣು ಕೊಡವಿ, ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿದಳು.

"ನೀವು ಓಗಿ. ನಾನು ನಡ್ಕಂಡು ಬತ್ತೀನಿ."

ನಾನು ಅವಳ ಪಕ್ಕದಲ್ಲೇ ನಡಿಗೆಯ ವೇಗಕ್ಕೆ ಸ್ಕೂಟರ್ ಬಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಟ್ರ್ಯಾಕ್ಟರಿನವನನ್ನು ಬೈದೆ. ನೋಡಿದವರು ಗಂಡ ಹೆಂಡಿರ ಜಗಳ ಅಂದುಕೊಂಡಿರಬೇಕು. ಜಗಳವಾಗಿದ್ದರೆ ಚೆನ್ನಾಗಿತ್ತು. ಅವಳು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ನಡೆದಳು. ಅವತ್ತಿನಿಂದ ಸಂತೆಗೂ ಬಸ್ಸಿನಲ್ಲೇ ಹೋಗತೊಡಗಿದಳು.

ಭಾನುವಾರ ಸಂಜೆ ಮಂಜು ಬಂದು ಪ್ರೊಜೆಕ್ಟರನ್ನು ತೊಲೆಗೆ ತೂಗುಹಾಕಿದ. ನೋಡಲು ಪಕ್ಕದ ಮನೆಯ ಜವರಣ್ಣನೂ ಬಂದಿದ್ದ. ನಮ್ಮ ದೊಡ್ಡಪ್ಪನ ಮಗ, ನನಗಿಂತ ಬಹಳ ದೊಡ್ಡವನು, ಕನ್ನಡಕ ಕಂಡವನಲ್ಲ. ಗೋಡೆಯ ಮೇಲೆ ಕಾಡಿನ ಚಿತ್ರ ಮೂಡಿತು. ಎಲ್ಲರೂ ಹಾ ಅಂದರು. ನಾನು, "ಫೋಕಸ್ ಸರಿ ಮಾಡಪ್ಪ" ಅಂದೆ.

ಮಂಜು ಲೆನ್ಸಿನ ಬಳೆ ತಿರುಗಿಸಿದ. ಒಂದು ಕಡೆ ತಿರುಗಿಸಿದರೆ ಮಬ್ಬು, ಇನ್ನೊಂದು ಕಡೆ ತಿರುಗಿಸಿದರೆ ಬೇರೆ ಥರದ ಮಬ್ಬು. ಕೊನೆಗೆ ನಾನೇ ಸ್ಟೂಲ್ ಹತ್ತಿ ತಿರುಗಿಸಿದೆ.

"ಕೆಡಸ್ದೆ ಬುಡ್ಲಾ" ಅಂದ ಜವರಣ್ಣ. "ಮೊದ್ಲು ಎಂಗಿತ್ತು, ಮಿಣಮಿಣ ಅಂತಿತ್ತು!"

"ಈ ಮಿಷಿನ್ನೇ ಸರಿ ಇಲ್ಲ" ಅಂದೆ. ಮಂಜುವಿನ ಮುಖ ಸಣ್ಣದಾಯಿತು. ರತ್ನ ಎದ್ದು ಬಂದಳು. ಮಂಜುವಿಗೆ ಹೇಳಿ ಫೋಕಸ್ಸನ್ನು ಮೊದಲಿನಂತೆ ಮಾಡಿಸಿದಳು. ರಿಮೋಟ್ ಇಸಿದುಕೊಂಡು ಚಿತ್ರವನ್ನು ಒಂದು ಕಡೆ ನಿಲ್ಲಿಸಿದಳು.

"ಏನು ಕಾಣ್ತದೆ ಯೋಳಿ."

ನನಗೆ ಪರೀಕ್ಷೆಯ ಭಯವಿಲ್ಲ. "ಗುಡ್ಡ. ಇಳಿಜಾರಲ್ಲಿ ಹುಲ್ಲು. ಹುಲ್ಲಿನ ನಡುವೆ ದೊಡ್ಡ ಬಂಡೆಗಳು."

ರತ್ನ ಗುಂಡಿ ಒತ್ತಿದಳು. ಬಂಡೆಗಳು ನಡೆಯತೊಡಗಿದವು.

"ಆನೆ ಕಣ್ಲಾ ಅವು" ಅಂದ ಜವರಣ್ಣ, ಬಹಳ ಮೆತ್ತಗೆ.

ಯಾರೂ ನಗಲಿಲ್ಲ. ಬೇರೆ ಊರಾಗಿದ್ದರೆ ನಗಬಹುದಿತ್ತು. ನಮ್ಮ ಕಡೆ ಜೋಳ ತೆನೆಗಟ್ಟುವಾಗ ಆನೆ ಹೊಲಕ್ಕೇ ಬರುತ್ತದೆ. ಬೆಳಗಾಗುವ ಮುಂಚೆ ನೀರು ಬಿಡಲು ಹೊಲಕ್ಕೆ ಒಬ್ಬನೇ ಹೋಗುವವನು ನಾನು. ಬಂಡೆಯ ಪಕ್ಕ ಕೂತು ಬೀಡಿ ಸೇದುವ ಅಭ್ಯಾಸ ಬೇರೆ. ರತ್ನ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿದೆ ಅನ್ನುವುದೂ ಆ ಬೆಳಕಿನಲ್ಲಿ ನನಗೆ ಕಾಣಲಿಲ್ಲ. ಮಂಜುವಿಗೆ ದೀಪ ಹಾಕಲು ಹೇಳಿದೆ.

ಮಾರನೆಯ ದಿನ ಅವಳು ಏನೂ ಆಗದವಳಂತೆ ಬಂದು, "ನನ್ನ ಕಣ್ಣು ತೋರಿಸ್ಬೇಕು ಅಂತಿದ್ರಲ್ಲ, ಮೈಸೂರಿಗೆ ಓಗುವ ಬನ್ನಿ" ಅಂದಳು. ರಾತ್ರಿ ಕಳೆಯುವಷ್ಟರಲ್ಲಿ ನನ್ನ ಲೆಕ್ಕದಲ್ಲಿ ತಪ್ಪು ಮತ್ತೆ ಮಿಷಿನ್ನಿನದೇ ಆಗಿತ್ತು. ಕೊನೆಗೂ ಬುದ್ಧಿ ಬಂತಲ್ಲ ಎಂದು ಸಮಾಧಾನಪಟ್ಟು ಹೊರಟೆ. ಬಸ್ಸಿನಲ್ಲಿ ಅವಳಿಗೆ ಧೈರ್ಯವನ್ನೂ ಹೇಳಿದೆ. ಕಣ್ಣಿನ ಆಸ್ಪತ್ರೆಯಲ್ಲಿ ಅವಳು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದಳು. ಕಣ್ಣು ಚೆನ್ನಾಗಿದೆಯಂತೆ. ಹೊರಡೋಣವೆಂದು ಎದ್ದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಕು ಬಿಟ್ಟು ನೋಡಿದರು. "ಪೊರೆ ಬಂದಿದೆ. ಬರೀ ಮಬ್ಬಲ್ಲ, ಕಣ್ಣಿನ ಮಸೂರವೇ ಹಳದಿಗೆ ತಿರುಗಿದೆ. ಬಿಳಿಯದೆಲ್ಲ ನಿಮಗೆ ಹಳದಿಯಾಗಿ ಕಾಣುತ್ತೆ, ತಿಳಿ ನೀಲಿ ಬಿಳಿಯಾಗಿ ಕಾಣುತ್ತೆ. ನಿಧಾನವಾಗಿ ಆಗೋದರಿಂದ ಗೊತ್ತಾಗಲ್ಲ. ಈ ಬಲಗಣ್ಣು ಮೊದಲು ಮಾಡೋಣ."

ಕಣ್ಣಿಗೆ ಆಪರೇಷನ್ ಎಂದರೆ ಯಾರಿಗೆ ಭಯವಿಲ್ಲ? ಇರುವ ಮಬ್ಬೂ ಹೋಗಿಬಿಟ್ಟರೆ ಎಂಬ ಯೋಚನೆ ಬಂತು. "ಸೊಪ್ಪಿನ ಕೆಲಸ ಮುಗೀಲಿ, ಆಮೇಲೆ ನೋಡುವ" ಅಂದೆ.

ರತ್ನ ನನ್ನ ಕಡೆ ತಿರುಗಲೇ ಇಲ್ಲ. "ಈ ವಾರನೇ ಮಾಡಿ ಮೇಡಮ್ಮೋರೆ. ಇವರಿಗೆ ಆನೆ ಕಾಣಲ್ಲ" ಅಂದಳು.

ಡಾಕ್ಟರು ಅದನ್ನು ಬರೆದುಕೊಂಡರು ಅಂತ ನನ್ನ ನಂಬಿಕೆ.

ಆಪರೇಷನ್ನಿನ ದಿನ ಬಾಗಿಲವರೆಗೆ ಅವಳು ನನ್ನ ಕೈ ಹಿಡಿದುಕೊಂಡು ಬಂದಳು. ಅವಳ ಅಂಗೈಯ ಗಾಯ ಒಣಗಿ ಚಕ್ಕೆಗಟ್ಟಿದ್ದು ನನ್ನ ಬೆರಳಿಗೆ ಒರಟಾಗಿ ತಗಲುತ್ತಿತ್ತು. ಟ್ರ್ಯಾಕ್ಟರಿನವನನ್ನು ಬೈದ ನಾನು ಆ ಕೈಗೆ ಏನಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ. "ನೋವೈತಾ?" ಅಂದೆ. "ಈಗ ಕೇಳೋ ಒತ್ತಾ ಇದು, ಓಗಿ ಒಳೀಕೆ" ಅಂದಳು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಹಾಸಿಗೆಯ ಬಟ್ಟೆ. ಅಷ್ಟು ಬಿಳಿ ಲೋಕದಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದೆ. ಕೊಟ್ಟಿಗೆಯಲ್ಲಿ ನೇತುಹಾಕಿದ್ದ ಸೊಪ್ಪಿನ ಎಲೆ ಬಂಗಾರವಲ್ಲ, ಸವೆದ ಚಪ್ಪಲಿಯ ಬಣ್ಣ. ಎರಡನೇ ದರ್ಜೆ ಕೊಟ್ಟವರು ದಾಕ್ಷಿಣ್ಯ ತೋರಿಸಿದ್ದರು. ಹಜಾರಕ್ಕೆ ಕಾಲಿಟ್ಟರೆ ಗೋಡೆ ತುಂಬ ಆಕಾಶ. ನೀಲಿ ಅಂದರೆ ಎರಡು ಮಾತಿಲ್ಲದ ನೀಲಿ.

ಜವರಣ್ಣನನ್ನು ಕರೆದು ಕೇಳಿದೆ. "ಅಣ್ಣ, ಈ ಗೋಡೆ ನೀಲಿ ಅಂತ ನಿಂಗೆ ಗೊತ್ತಿತ್ತಾ?"

"ಊರಿಗೇ ಗೊತ್ತು ಕಣ್ಲಾ."

"ಮತ್ತೆ ಯಾಕೆ ಯೋಳ್ಲಿಲ್ಲ?"

"ಬಿ.ಎ. ಓದಿರೋನು, ಏನೋ ಲೆಕ್ಕ ಆಕಿ ಬಳ್ದಿರ್ತಾನೆ ಅಂತ ಸುಮ್ಕಾದೋ."

ಯೋಚಿಸಿದರೆ ಇದು ದೊಡ್ಡ ಮರ್ಯಾದೆ. ಒಬ್ಬ ಮನುಷ್ಯ ತನ್ನ ಮನೆಯ ಗೋಡೆಯನ್ನು ಬಿಳಿ ಅಂದರೆ, ಪರದೆ ಮಾರಿದವನಿಂದ ಪೇಂಟ್ ಬೆರೆಸಿದವನವರೆಗೆ ಎಲ್ಲರೂ ತಲೆಯಾಡಿಸಿ ದಾರಿ ಬಿಡುತ್ತಾರೆ. ಮರ್ಯಾದೆ ಹೆಚ್ಚಾದಷ್ಟೂ ಮನುಷ್ಯನಿಗೆ ಸತ್ಯ ಹೇಳುವವರು ಕಡಿಮೆಯಾಗುತ್ತಾರೆ. ಕೊನೆಗೆ ಮನೆಯಲ್ಲಿ ಒಬ್ಬರು ಉಳಿಯುತ್ತಾರೆ. ಅವರ ಮಾತನ್ನು ನಾವು ಗೊಣಗಾಟ ಅಂತ ಕರೆಯುತ್ತೇವೆ.

ಈ ಸಲ ಬಣ್ಣ ಆರಿಸಿದ್ದು ರತ್ನ. ಗೋಡೆ ಬಿಳಿಯಾಯಿತು. ಮಂಜುವನ್ನು ಕರೆಸಿ, ಮಿಷಿನ್ನು ಸರಿಯಾಗಿದೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಈಗ ಭಾನುವಾರ ಸಂಜೆ ನಾವಿಬ್ಬರೂ ಜವರಣ್ಣನೂ ಕೂತು ನೋಡುತ್ತೇವೆ. ಎಲ್ಲ ಸ್ಪಷ್ಟವಾಗಿ ಕಾಣುವುದರಿಂದ ಸಿನಿಮಾಗಳು ಮೊದಲಿನಷ್ಟು ಚೆನ್ನಾಗಿಲ್ಲ ಅನ್ನುವುದೂ ಕಾಣುತ್ತದೆ.

ಮೊನ್ನೆ ಕತೆ ನಿಧಾನವಾದಾಗ, ಮನಸ್ಸಿನಲ್ಲಿದ್ದದ್ದನ್ನು ರತ್ನನಿಗೆ ಕೇಳಿಯೇಬಿಟ್ಟೆ. "ಊರಿನವರ ಮಾತು ಬುಡು. ನೀನಾದ್ರೂ ಒತ್ತಿ ಯೋಳ್ಬೇಕಿತ್ತಲ್ಲ ನಂಗೆ?"

ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಯೋಳಿದ್ನಲ್ಲ. ಜೊತೇಲೇ ನಿಮ್ಮ ಕಿವೀನೂ ತೋರ್ಸುವ ಅಂತ ಅವತ್ತೇ ಆ ಮೇಡಮ್ಮೋರ್ನ ಕೇಳ್ದೆ. ಅಲ್ಲಿ ಕಣ್ಣು ಮಾತ್ರ ನೋಡೋದಂತೆ."